ಖಾನೆ ತುಂಬುವ ಕೈ

ಬರೆಯುವವನು ಒಬ್ಬ, ಬರೆಸಿಕೊಳ್ಳುವವನು ಇನ್ನೊಬ್ಬ. ನಮ್ಮ ಹಳ್ಳಿಗಳ ಇತಿಹಾಸದ ಬಹುಪಾಲನ್ನು ಇಷ್ಟರಲ್ಲೇ ಹೇಳಿಬಿಡಬಹುದು. ಶಾನುಭೋಗ ಬರೆದ, ಗೌಡ ಹೂಂ ಅಂದ, ತೋಟಿ ಆ ಲೆಕ್ಕದ ಪುಸ್ತಕಗಳ ಗಂಟನ್ನು ಹೊತ್ತುಕೊಂಡು ತಾಲ್ಲೂಕು ಕಚೇರಿಗೆ ನಡೆದ. ಹೊತ್ತವನಿಗೆ ಅದರೊಳಗೆ ಏನಿದೆ ಎಂಬುದು ತಿಳಿದಿರಲಿಲ್ಲ. ತನ್ನ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ. ಗ್ರಾಮಾಧಿಕಾರಗಳ ರದ್ದಿಯಾತಿಗೆಂದು 1961ರಲ್ಲಿ ಆದ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು, ಆಮೇಲೆ ಕಂಪ್ಯೂಟರು ಬಂತು. ಇವತ್ತು ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯ ಕೇರಿಗಳಿಂದ ಬಂದ ಹುಡುಗ ಹುಡುಗಿಯರು ಬಿಸಿಎ ಓದುತ್ತಾರೆ. ಓದು ಮುಗಿಸಿ ನಾಡಕಚೇರಿಯಲ್ಲೋ, ಗ್ರಾಮ ಒನ್ ಕೇಂದ್ರದಲ್ಲೋ, ಕೊನೆಗೆ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲೋ ಕೀಲಿಮಣೆಯ ಮುಂದೆ ಕೂರುತ್ತಾರೆ. ಗಂಟು ಹೊತ್ತವನ ಮೊಮ್ಮಗ ಈಗ ಪುಸ್ತಕ ಬರೆಯುವವನಾಗಿದ್ದಾನೆ.

ಸಂತೋಷವೇ. ಆದರೆ ಲೇಖನಿ ಕೈ ಬದಲಾಯಿಸಿದ ಮಾತ್ರಕ್ಕೆ ಪುಸ್ತಕದ ಗುಣ ಬದಲಾಗುತ್ತದೆಯೆ? 'ನಾವು ಕೊಟ್ಟದ್ದನ್ನು ಒತ್ತುತ್ತೀವಿ ಸಾರ್, ಸರಿ-ತಪ್ಪು ಮೇಲಿನೋರದು' ಎನ್ನುವ ಮಾತನ್ನು ಈ ಹುಡುಗರ ಬಾಯಲ್ಲಿ ನಾನು ಮೇಲಿಂದ ಮೇಲೆ ಕೇಳುತ್ತಿದ್ದೇನೆ. ಈ ಮಾತು ಎಷ್ಟು ನಿಜ, ಎಷ್ಟು ತಪ್ಪಿಸಿಕೊಳ್ಳುವ ದಾರಿ ಎಂಬುದನ್ನು ನೋಡಬೇಕು. ನೋಡಬೇಕಾದರೆ ಅವರು ಕಲಿಯುವ ಕೆಲಸ ಏನು ಎಂಬುದನ್ನೂ ಸ್ವಲ್ಪ ತಿಳಿಯಬೇಕು. ಕಂಪ್ಯೂಟರ್ ಗೊತ್ತಿಲ್ಲದ ಮೇಷ್ಟರುಗಳು ಗಾಬರಿಯಾಗಬೇಕಿಲ್ಲ. ಹಾಜರಿ ಪುಸ್ತಕ ಬರೆದವರಿಗೆಲ್ಲ ಇದು ಅರ್ಥವಾಗುತ್ತದೆ.

ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಬೇಕು, ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು ಎಂಬ ವಿಚಾರವನ್ನು ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರ ಜೂನ್‌ನಲ್ಲಿ ಒಂದು ಪ್ರಬಂಧದ ಮೂಲಕ ಮಂಡಿಸಿದ. ಇದಕ್ಕೆ ರಿಲೇಷನಲ್ ಡಾಟಾಬೇಸ್ ಎನ್ನುತ್ತಾರೆ, ಕನ್ನಡದಲ್ಲಿ ಸಂಬಂಧಾತ್ಮಕ ಎಂದು ಅನುವಾದ ಮಾಡುತ್ತಾರೆ. (ಕಾಡ್ ಹೇಳಿದ ಸಂಬಂಧ ಗಣಿತದ್ದು, ಬೀಗತನದ್ದಲ್ಲ. ನಮ್ಮ ಕಡೆ ಸಂಬಂಧ ಅಂದ ಕೂಡಲೆ ಮೊದಲು ಜಾತಿ ಕೇಳುತ್ತಾರೆ.) ಒಂದು ಸಂಗತಿ ಒಂದೇ ಕಡೆ ಅಂದರೇನು? ನಮ್ಮ ತಾಲ್ಲೂಕನ್ನೇ ತಗೊಳ್ಳಿ. 1997ರ ಆಗಸ್ಟ್‌ವರೆಗೆ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಪ್ರತಿಯೊಬ್ಬ ರೈತನ ಸಾಲಿನಲ್ಲೂ 'ಶಿವಮೊಗ್ಗ ಜಿಲ್ಲೆ' ಎಂದು ಬರೆದಿಟ್ಟಿದ್ದರೆ ಸಾವಿರಾರು ಸಾಲು ತಿದ್ದಬೇಕು, ಕೆಲವು ಬಿಟ್ಟುಹೋಗುತ್ತವೆ. ರೈತನ ಸಾಲಿನಲ್ಲಿ ಬರೀ ತಾಲ್ಲೂಕು, ತಾಲ್ಲೂಕುಗಳ ಕೋಷ್ಟಕದಲ್ಲಿ ಅದರ ಜಿಲ್ಲೆ ಎಂದು ಇಟ್ಟಿದ್ದರೆ ಒಂದೇ ಖಾನೆ ತಿದ್ದಿದರೆ ಸಾಕು. ಇನ್ನು ಹೊನ್ನಾಳಿಯನ್ನು ಒಡೆದು ನ್ಯಾಮತಿ ತಾಲ್ಲೂಕು ಮಾಡಿದಾಗ ಹೊಸ ಸಾಲೊಂದು ಬೇಕಾಯಿತು. ಆ ಹೊಸ ಸಾಲು ಹಾಕುವ ಆಜ್ಞೆಯೇ 'ಇನ್ಸರ್ಟ್'. ಬರೆಯುವುದು ಹೀಗೆ:

ಇನ್ಸರ್ಟ್ ಇಂಟು ವಿದ್ಯಾರ್ಥಿ (ಸಂಖ್ಯೆ, ಹೆಸರು, ಊರು) ವ್ಯಾಲ್ಯೂಸ್ (41, 'ಮಂಜುಳ', 'ಜಗಳೂರು');

ಯಾವ ಕೋಷ್ಟಕ, ಯಾವ ಯಾವ ಕಾಲಂ, ಯಾವ ಯಾವ ಬೆಲೆ. ಇಷ್ಟೇ. ಕಾಲಂಗಳ ಹೆಸರು ಬಿಟ್ಟು ಬರೀ ಬೆಲೆಗಳನ್ನು ಕೊಟ್ಟರೂ ಯಂತ್ರ ಒಪ್ಪುತ್ತದೆ. ಆದರೆ ಆಗ ಕೋಷ್ಟಕ ಮಾಡಿದವನು ಕಾಲಂಗಳನ್ನು ಯಾವ ಕ್ರಮದಲ್ಲಿ ಇಟ್ಟಿದ್ದನೋ ಅದೇ ಕ್ರಮದಲ್ಲಿ ತುಂಬುತ್ತದೆ. ಹೆಸರಿನ ಜಾಗಕ್ಕೆ ಜಗಳೂರು, ಊರಿನ ಜಾಗಕ್ಕೆ ಮಂಜುಳ ಬಿದ್ದರೆ ಎರಡೂ ಅಕ್ಷರವೇ ಆದ್ದರಿಂದ ಯಂತ್ರ ಚಕಾರ ಎತ್ತುವುದಿಲ್ಲ. ಸಂಖ್ಯೆಯ ಜಾಗಕ್ಕೆ ಅಕ್ಷರ ಹಾಕಿದರೆ ಮಾತ್ರ ತಕರಾರು ಮಾಡುತ್ತದೆ. ಅಂದರೆ ಅದು ನೋಡುವುದು ಬೆಲೆಯ ಆಕಾರವನ್ನು, ನಿಜವನ್ನಲ್ಲ. ನಿಜ ನೋಡಬೇಕಾದವನು ಕುರ್ಚಿ ಮೇಲೆ ಕೂತವನು. 'ಸರಿ-ತಪ್ಪು ಮೇಲಿನೋರದು' ಎಂಬ ಮಾತು ಇಲ್ಲಿ ಮೊದಲ ಸಲ ಕುಂಟುತ್ತದೆ.

ಯಾವ ಹೆಸರು ಯಾವ ಕಾಲಂಗೆ ಬೀಳುತ್ತದೆ ಎಂಬುದು ನಮ್ಮ ಜನಕ್ಕೆ ಹೊಟ್ಟೆಪಾಡಿನ ಪ್ರಶ್ನೆ. ಪಹಣಿಯ 9ನೇ ಕಾಲಂನಲ್ಲಿ ಭೂಮಿಯ ಒಡೆಯ, 12ನೇ ಕಾಲಂನಲ್ಲಿ ಉಳುವವನು ಮತ್ತು ಬೆಳೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಉಳುವವನೇ ಒಡೆಯ ಎಂದು ಸರ್ಕಾರ ಸಾರಿ, 7ನೇ ನಮೂನೆಯಲ್ಲಿ ಅರ್ಜಿ ಕರೆದಾಗ ಭೂನ್ಯಾಯ ಮಂಡಳಿಗಳು ಕೇಳಿದ್ದು ಈ ಪಹಣಿಯನ್ನು. ಎರಡು ತಲೆಮಾರು ಗೇಣಿ ಕಟ್ಟಿದವನ ಹೆಸರನ್ನು ಆ ಕಾಲಂನಲ್ಲಿ ಬರೆಯದೆ ಬಿಟ್ಟಿದ್ದರೆ ಅವನು ಅಕ್ಕಪಕ್ಕದ ಹೊಲದವರನ್ನು ಕಾಡಿ ಬೇಡಿ ಸಾಕ್ಷಿಗೆ ತರಬೇಕಾಗುತ್ತಿತ್ತು. ಬಾಯಿಮಾತಿನ ಸಾಕ್ಷಿ, ಬರೆದ ಕಾಗದದ ಎದುರು! ಗೇಣಿದಾರನಿಗೆ ಹೀಗಾದರೆ ಅವನ ಹೊಲದಲ್ಲಿ ಜೀತಕ್ಕಿದ್ದವನ ಗತಿ? ಅವನ ಹೆಸರನ್ನು ಯಾರೂ ಬಿಟ್ಟಿರಲಿಲ್ಲ, ಯಾಕೆಂದರೆ ಜೀತದವನಿಗೆ ಪಹಣಿಯಲ್ಲಿ ಕಾಲಮ್ಮೇ ಇರಲಿಲ್ಲ.

ಈ ಪುಸ್ತಕಗಳೇ ಕಂಪ್ಯೂಟರಿಗೆ ಹೋದವು. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಲೆಕ್ಕವನ್ನು ಕೋಷ್ಟಕಕ್ಕೆ ತುಂಬಿ, 2002ರ ಹೊತ್ತಿಗೆ ಕೈಬರಹದ ಪಹಣಿಯನ್ನೇ ನಿಲ್ಲಿಸಿದರು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪಹಣಿ ಕೈಗೆ ಬಂತು. ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿದ್ದು ಸಣ್ಣ ಬಿಡುಗಡೆಯಲ್ಲ, ಅದನ್ನು ಅಲ್ಲಗಳೆಯುವವರು ಬಾಗಿಲು ಕಾದವರಲ್ಲ. ಆದರೆ ಹಳೆಯ ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ತುಂಬಿದ್ದು ಎಂದರೆ ಹಳೆಯ ಕಾಗದದಲ್ಲಿ ಇಲ್ಲದವರನ್ನು ಇಲ್ಲದಂತೆಯೇ ತುಂಬಿದ್ದು. ಕಾಗದದ ಮೇಲಿದ್ದಾಗ ಅದು ಶಾನುಭೋಗರ ಬರಹ, ಜಗಳಕ್ಕೆ ನಿಲ್ಲಬಹುದಿತ್ತು. ಅಚ್ಚಾಗಿ ಬಂದ ಮೇಲೆ 'ಕಂಪ್ಯೂಟರ್‌ನಲ್ಲೇ ಹಂಗೆ ಬಂದೈತಲ್ಲಪ್ಪ' ಎಂಬ ಮಾತಿಗೆ ಎದುರು ಮಾತಿಲ್ಲ. ತಪ್ಪು ತುಂಬಿದವನು ಯಾರೆಂದು ಗೊತ್ತಿಲ್ಲ. ತಿದ್ದಿಸಲು ಅರ್ಜಿ ಹಿಡಿದು ಅಲೆಯಬೇಕಾದವನು ಮಾತ್ರ ಯಾವಾಗಲೂ ಅವನೇ.

ಈಗ ಖಾಲಿ ಖಾನೆಯ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ನೀತಿಯ ಪ್ರಶ್ನೆ ಇರುವುದೇ ಅಲ್ಲಿ.

ಕೋಷ್ಟಕ ಮಾಡುವವನು ಒಂದು ಕಾಲಂಗೆ 'ನಾಟ್ ನಲ್' ಎಂಬ ನಿಬಂಧನೆ ಹಾಕಬಹುದು. ಹಾಕಿದರೆ ಆ ಖಾನೆಯನ್ನು ಖಾಲಿ ಬಿಡುವಂತಿಲ್ಲ, ಬಿಟ್ಟರೆ ಇಡೀ ಸಾಲನ್ನೇ ಯಂತ್ರ ಹಿಂದಕ್ಕೆ ಎಸೆಯುತ್ತದೆ. ತಂದೆಯ ಹೆಸರಿನ ಕಾಲಂಗೆ ಈ ನಿಬಂಧನೆ ಇರುವುದು ಬಹಳ ಜನರಿಗೆ ಸಹಜವಾಗಿ ಕಾಣುತ್ತದೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಿಯ ಮಗನಿಗೆ? ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಆದರೆ ಮಗುವನ್ನು ಶಾಲೆಗೆ ಸೇರಿಸುವ ನಮೂನೆ ಆ ತಾಯಿಯನ್ನು ಅದೇ ಪ್ರಶ್ನೆ ಕೇಳುತ್ತಲೇ ಬಂತು. ತಂದೆಯ ಹೆಸರು ಕಡ್ಡಾಯವಾಗಬಾರದು ಎಂದು ಆ ತಾಯಂದಿರು, ಅವರ ಮಕ್ಕಳು ವರ್ಷಗಟ್ಟಲೆ ಕೇಳಿದರು. 2025ರಲ್ಲಿ ರಾಜ್ಯ ತಂದ ಹೊಸ ದೇವದಾಸಿ ಮಸೂದೆಯಲ್ಲಿ ಈ ಮಾತಿಗೆ ಜಾಗ ಸಿಕ್ಕಿತು. ಕೋಷ್ಟಕ ಮಾಡುವವನು ಒಂದು ನಿಮಿಷ ಯೋಚಿಸಿ ಎರಡು ಪದ ಬರೆಯದೆ ಬಿಟ್ಟಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಮಸೂದೆಯೇ ಬೇಕಾಯಿತು.

ಆ ಖಾನೆಯ ಮುಂದೆ ಕೂತ ಹುಡುಗ ಏನು ಮಾಡುತ್ತಾನೆ? ಕೆಟ್ಟವನೇ ಆಗಬೇಕಿಲ್ಲ. ಎದುರಿಗೆ ನಿಂತ ಹೆಂಗಸಿನ ಮುಖ ನೋಡಿ, ಕನಿಕರದಿಂದ, ಒಂದು ಚುಕ್ಕಿ ಒತ್ತುತ್ತಾನೆ, ಇಲ್ಲವೆ ತಾತನ ಹೆಸರು ಹಾಕುತ್ತಾನೆ, ಇಲ್ಲವೆ ಬಾಯಿಗೆ ಬಂದ ದೇವರ ಹೆಸರು. ಸಾಲು ಒಳಗೆ ಹೋಗುತ್ತದೆ, ಮಗುವಿಗೆ ಶಾಲೆ ಸಿಗುತ್ತದೆ. ಇದನ್ನು ಸುಳ್ಳು ಅನ್ನುವುದೋ ದಯೆ ಅನ್ನುವುದೋ? ನಾನು ಆ ಹುಡುಗನನ್ನು ಬೈಯುವುದಿಲ್ಲ, ಮಗು ಶಾಲೆಯ ಹೊರಗೆ ನಿಲ್ಲಬಾರದು. ಆದರೆ ಒಂದು ಲೆಕ್ಕ ಹೇಳುತ್ತೇನೆ. ಆ ದಿನ ಸಂಜೆ ಜಿಲ್ಲಾ ಕೇಂದ್ರದಲ್ಲಿ ಕೂತ ಅಧಿಕಾರಿ ಕೋಷ್ಟಕ ತೆಗೆದು, ತಂದೆಯ ಹೆಸರಿಲ್ಲದ ಮಕ್ಕಳು ಎಷ್ಟು ಎಂದು ಕೇಳಿದರೆ ಯಂತ್ರ ಹೇಳುತ್ತದೆ: ಸೊನ್ನೆ. ಒಂದೊಂದು ಕನಿಕರವೂ ಒಂದೊಂದು ಮಗುವನ್ನು ಒಳಗೆ ಬಿಟ್ಟು, ಆ ಮಕ್ಕಳೆಲ್ಲರ ಸಮಸ್ಯೆಯನ್ನು ಅಳಿಸಿಹಾಕಿತು. ದಯೆ ತೋರಿದವನು ಅದೇ ದಿನ ಒಂದು ಚೀಟಿಯಲ್ಲಾದರೂ 'ಈ ಖಾನೆಗೆ ಉತ್ತರವಿರಲಿಲ್ಲ, ಚುಕ್ಕಿ ನಾನು ಹಾಕಿದ್ದು' ಎಂದು ಮೇಲಕ್ಕೆ ಬರೆಯದಿದ್ದರೆ ಅವನ ದಯೆ ಅರ್ಧಕ್ಕೇ ನಿಂತಂತೆ.

ಖಾಲಿ ಖಾನೆಗೆ 'ನಲ್' ಎಂದು ಹೆಸರು. ಹುಡುಗರು ಮೊದಲು ಎಡವುವುದು ಇಲ್ಲೇ. ನಲ್ ಅಂದರೆ ಸೊನ್ನೆಯಲ್ಲ. ಮನೆಯಲ್ಲಿ ಎಷ್ಟು ಎಕರೆ ಎಂದು ಕೇಳಿದಾಗ 'ಇಲ್ಲ' ಅಂದರೆ ಅದು ಸೊನ್ನೆ. ಕೇಳದೆಯೇ ಬಂದಿದ್ದರೆ ಅದು ನಲ್. ಗೊತ್ತಿಲ್ಲದ್ದನ್ನು ಯಾವುದರ ಜೊತೆ ಹೋಲಿಸಿದರೂ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ, ಗೊತ್ತಿಲ್ಲ ಎಂಬ ಮೂರನೆಯದು. ಇದರ ಪರಿಣಾಮ ವಿಚಿತ್ರ. ಜಾತಿಯ ಖಾನೆ ಖಾಲಿ ಇರುವ ಒಬ್ಬನಿದ್ದಾನೆ ಎನ್ನಿ. ಮಾದಿಗರ ಪಟ್ಟಿ ಕೊಡು ಅಂದರೆ ಅವನು ಬರುವುದಿಲ್ಲ. ಮಾದಿಗರಲ್ಲದವರ ಪಟ್ಟಿ ಕೊಡು ಅಂದರೆ ಅದರಲ್ಲೂ ಬರುವುದಿಲ್ಲ! ಕೋಷ್ಟಕದಲ್ಲಿ ಇದ್ದಾನೆ, ಯಾವ ಪಟ್ಟಿಯಲ್ಲೂ ಇಲ್ಲ. ಖಾಲಿ ಇರುವವರನ್ನು ತೋರಿಸು ಎಂದು ಬೇರೆಯಾಗಿಯೇ ಕೇಳಬೇಕು, ಕೇಳುವವನಿಗೆ ಅವರು ಇದ್ದಾರೆಂಬ ನೆನಪು ಇರಬೇಕು. ಕಾಡ್ ತನ್ನ 1990ರ ಪುಸ್ತಕದಲ್ಲಿ ಒಂದೇ ನಲ್ ಸಾಲದು, ಎರಡು ಗುರುತು ಬೇಕು ಎಂದ. ಉತ್ತರ ಇದೆ ಆದರೆ ನಮಗೆ ಸಿಕ್ಕಿಲ್ಲ ಎನ್ನುವುದಕ್ಕೆ ಒಂದು, ಈ ಪ್ರಶ್ನೆಯೇ ಇವರಿಗೆ ಹೊಂದುವುದಿಲ್ಲ ಎನ್ನುವುದಕ್ಕೆ ಇನ್ನೊಂದು. ಬಳಕೆಯ ಭಾಷೆ ಅದನ್ನು ತೆಗೆದುಕೊಳ್ಳಲಿಲ್ಲ. ದೇವದಾಸಿ ತಾಯಿಯ ಮಗನಿಗೆ ಬೇಕಿದ್ದದ್ದು ಆ ಎರಡನೆಯ ಗುರುತು.

ಸೊನ್ನೆ ಮತ್ತು ನಲ್‌ಗಳ ನಡುವಿನ ಅಂತರದಲ್ಲಿ ಸರ್ಕಾರಗಳು ಆರಾಮಾಗಿ ಬದುಕುತ್ತವೆ. 2021ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಕೇಂದ್ರ ಮಂತ್ರಿ ರಾಮದಾಸ ಅಠವಳೆ, ಮಲ ಹೊರುವ ಕೆಲಸದಿಂದ ಸಾವು ವರದಿಯಾಗಿಲ್ಲ ಎಂದು ಉತ್ತರ ಕೊಟ್ಟರು. ಮ್ಯಾನ್‌ಹೋಲಿಗೆ ಇಳಿದು ಸತ್ತವರು? ಅವರು 'ಅಪಾಯಕಾರಿ ಸ್ವಚ್ಛತೆ' ಎಂಬ ಬೇರೆ ಕಾಲಂ. 2013ರ ಕಾಯ್ದೆಯಲ್ಲಿ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಇದೆಯಲ್ಲ! ಹೆಣ ಒಂದೇ, ಅದನ್ನು ಪಕ್ಕದ ಖಾನೆಗೆ ಸರಿಸಿದರೆ ಈ ಖಾನೆ ಸೊನ್ನೆ. ಇಲ್ಲಿ ಯಾರೂ ಸುಳ್ಳು ತುಂಬಲಿಲ್ಲ, ಕಾಲಂ ಮಾಡಿದವನು ಮೊದಲೇ ಎಲ್ಲ ಮಾಡಿ ಇಟ್ಟಿದ್ದ. ಇಂಥ ಕಡೆ ಕೀಲಿ ಒತ್ತುವ ಹುಡುಗನ 'ಮೇಲಿನೋರದು' ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇನ್ನೊಂದು ನಿಬಂಧನೆ 'ಫಾರಿನ್ ಕೀ'. ಒಂದು ಕೋಷ್ಟಕದಲ್ಲಿ ಸಾಲು ಹಾಕಬೇಕಾದರೆ ಅದು ಹೆಸರಿಸುವ ವಸ್ತು ಇನ್ನೊಂದು ಕೋಷ್ಟಕದಲ್ಲಿ ಮೊದಲೇ ಇರಬೇಕು. ಊರುಗಳ ಕೋಷ್ಟಕದಲ್ಲಿ ಊರಿಲ್ಲದಿದ್ದರೆ ಮನೆಗಳ ಕೋಷ್ಟಕಕ್ಕೆ ಆ ಊರಿನ ಮನೆ ಹೋಗುವುದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲರ ಜಾತ್ರೆಗೆ ಎಷ್ಟು ಕಡೆಯಿಂದ ಲಂಬಾಣಿ ಜನ ಬರುತ್ತಾರೆ ನೋಡಿ. ಆ ತಾಂಡಾಗಳಲ್ಲಿ ಎಷ್ಟೋ ಕಂದಾಯ ಇಲಾಖೆಯ ಪುಸ್ತಕದಲ್ಲಿ ಊರೇ ಆಗಿರಲಿಲ್ಲ. ಹಟ್ಟಿ, ದೊಡ್ಡಿ, ಕ್ಯಾಂಪುಗಳ ಪಾಡೂ ಅದೇ. ತಲೆಮಾರುಗಳಿಂದ ಒಲೆ ಉರಿಯುತ್ತಿದೆ, ಹೆರಿಗೆಯಾಗುತ್ತಿದೆ, ಹೆಣ ಹೂಳುತ್ತಿದ್ದಾರೆ. ಆದರೆ ಮನೆಯ ಹಕ್ಕುಪತ್ರ ಕೇಳಿದರೆ, ಯಾವ ಊರು ಎಂಬ ಖಾನೆಗೆ ಉತ್ತರವಿಲ್ಲ. 2017ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇವುಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸ ಶುರುವಾಯಿತು. ತಾಯಿ ಸಾಲು ಹುಟ್ಟಿದ ಮೇಲಷ್ಟೇ ಮಕ್ಕಳ ಸಾಲು.

ಇದೇ ತಾಯಿ ಸಾಲಿನ ಪ್ರಶ್ನೆ ಜಾತಿಯ ಕಾಲಂನಲ್ಲಿ ಬಂದಾಗ ಅದು ನಮ್ಮ ಮನೆಯೊಳಗಿನ ಪ್ರಶ್ನೆಯಾಗುತ್ತದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಯನ್ನು ಎತ್ತಿಹಿಡಿದ ಮೇಲೆ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರ ಮೇ 5ರಿಂದ ರಾಜ್ಯದ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿತು. ಮನೆ ಮನೆಗೆ ಹೋದವರು ಬಹುಪಾಲು ನಮ್ಮ ಶಾಲಾ ಮೇಷ್ಟರುಗಳೇ. ಕೈಯಲ್ಲಿ ಮೊಬೈಲು, ಅದರಲ್ಲಿ ಆ್ಯಪು, ಆ್ಯಪಿನಲ್ಲಿ 101 ಜಾತಿಗಳ ಪಟ್ಟಿ. ಮೇಷ್ಟರು ಒತ್ತುವ ಒಂದೊಂದು ಗುಂಡಿಯ ಹಿಂದೆಯೂ ಒಂದೊಂದು ಇನ್ಸರ್ಟ್ ಓಡುತ್ತಿರುತ್ತದೆ.

ಅಲ್ಲಿ ಬಂದು ನಿಂತದ್ದು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಈ ಹೆಸರುಗಳು ಬಳಕೆಗೆ ಬಂದಾಗ ಅದು ಸಣ್ಣ ಮಾತಾಗಿರಲಿಲ್ಲ. ಬೈಗುಳವಾಗಿದ್ದ ಜಾತಿಯ ಹೆಸರನ್ನು ಬಿಸಾಕಿ, ಈ ನೆಲದ ಮೊದಲಿಗರು ನಾವು ಎಂದು ಸಾರಿದ ಹೆಸರುಗಳು ಅವು. ನಮ್ಮ ಅಜ್ಜಂದಿರು ಶಾಲೆಯ ದಾಖಲಾತಿಯಲ್ಲಿ ಎಕೆ, ಎಡಿ ಎಂದು ಬರೆಸಿದ್ದು ಮಾನಕ್ಕಾಗಿ. ಆದರೆ ಕೋಷ್ಟಕದ ಮೊದಲ ನಿಯಮವೇ ಒಂದು ಖಾನೆಯಲ್ಲಿ ಒಂದೇ ಸಂಗತಿ ಎಂಬುದು. ಈ ಹೆಸರಿನೊಳಗೆ ಎಡಗೈಯವರೂ ಇದ್ದಾರೆ, ಬಲಗೈಯವರೂ ಇದ್ದಾರೆ. ಒಂದು ಜಿಲ್ಲೆಯಲ್ಲಿ ಎಡಗೈಯವರು ಆದಿ ಕರ್ನಾಟಕವಾದರೆ ಇನ್ನೊಂದು ಜಿಲ್ಲೆಯಲ್ಲಿ ತಿರುವುಮುರುವು. ಪಾಲು ಮಾಡಲು ಕೂತಾಗ ಈ ಖಾನೆ ಏನನ್ನೂ ಹೇಳುವುದಿಲ್ಲ. ಮಾನ ಕಾಪಾಡಿದ ಹೆಸರೇ ಪಾಲನ್ನು ಮುಚ್ಚಿತು.

ಆಯೋಗ ಒಂದು ಕೋಟಿಗೂ ಹೆಚ್ಚು ಜನರನ್ನು ಲೆಕ್ಕಕ್ಕೆ ತಂದು 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. ಅದರಲ್ಲಿ ನಾಲ್ಕೂವರೆ ಲಕ್ಷಕ್ಕೂ ಮೀರಿದ ಜನ ಮೂಲಜಾತಿ ಹೇಳದೆ ಈ 'ಆದಿ' ಹೆಸರುಗಳಲ್ಲೇ ಉಳಿದರು. ಅವರಿಗೇ ಒಂದು ಬೇರೆ ಗುಂಪು ಮಾಡಿ ಶೇಕಡಾ 1 ಕೊಡಿ ಎಂದು ಆಯೋಗ ಹೇಳಿತು. ಆಗಸ್ಟ್ 19ರಂದು ಸರ್ಕಾರ ಆಯೋಗದ ಐದು ಗುಂಪುಗಳನ್ನು ಬಿಟ್ಟು, 17ನ್ನು 6, 6, 5 ಎಂದು ಮೂರೇ ಗುಂಪಿಗೆ ಹಂಚಿತು. ಆಯೋಗ ಮಾಡಿದ್ದು ಸರಿಯೋ ಸರ್ಕಾರ ಮಾಡಿದ್ದು ಸರಿಯೋ ಎಂಬ ಜಗಳ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ನನ್ನ ಪ್ರಶ್ನೆ ಆ ಮನೆಯ ಜಗಲಿಯ ಮೇಲಿನದು.

ಮುದುಕಪ್ಪ ಅಂತಾನೆ: 'ಆದಿ ಕರ್ನಾಟಕ ಅಂತ ಹಾಕ್ರಿ ಮೇಷ್ಟ್ರೆ, ಅಷ್ಟು ಸಾಕು.' ಓದಿದ ಮಗ ಅಂತಾನೆ: 'ಅಪ್ಪಾ, ಒಳಜಾತಿ ಹೇಳಬೇಕು, ಇಲ್ದಿದ್ರೆ ನಮ್ಮ ಪಾಲು ಹೋಗುತ್ತೆ.' ಮುದುಕಪ್ಪ: 'ಆ ಹೆಸರು ಕರೆಸ್ಕಂಡು ಕರೆಸ್ಕಂಡು ನನಗೆ ಸಾಕಾಗೈತೆ ಕಣೋ. ಇನ್ನೂ ಅದನ್ನೇ ಬರಸ್ಬೇಕಾ?' ಸಿಟಿಯಲ್ಲಿ ಬಾಡಿಗೆ ಮನೆಯಲ್ಲಿರುವ ಇನ್ನೊಬ್ಬ ಮಗಳಿಗೆ ಬೇರೆಯ ಭಯ. ಮನೆ ಮಾಲೀಕ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದಾನೆ.

ಇಂಥ ಜಗಲಿಗಳ ಮೇಲೆ ಮೇಷ್ಟರು ಏನು ಒತ್ತಬೇಕು? ಕೇರಿ ನೋಡಿ ಜಾತಿ ಒತ್ತುವುದು ಬಹಳ ಸುಲಭ, ಬಹಳ ಸಲ ಸರಿಯೂ ಆಗಿರುತ್ತದೆ. ಆದರೂ ಅದು ತಪ್ಪು ಎಂದೇ ನನ್ನ ವಾದ. ಯಾಕೆಂದರೆ ಸಾವಿರ ವರ್ಷ ನಮಗೆ ಆದದ್ದು ಅದೇ ಅಲ್ಲವೆ? ಬೇರೆಯವರು ನಮ್ಮನ್ನು ನೋಡಿ ಬರೆದದ್ದು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮನೆಯವರನ್ನು ಕೇಳದೆಯೇ ಸಮೀಕ್ಷೆ ಮುಗಿದ ಚೀಟಿ ಅಂಟಿಸಿ ಹೋದರೆಂಬ ದೂರು ಎದ್ದಿತು. ಅದು ಇದೇ ತಪ್ಪಿನ ಇನ್ನೊಂದು ಮುಖ. ಕೇಳದೆ ತುಂಬುವುದೂ ಕೇಳದೆ ಬಿಡುವುದೂ ಎರಡೂ ಅವನ ಬಾಯನ್ನು ಲೆಕ್ಕಕ್ಕೆ ಇಡದಿರುವುದೇ. ಹಾಗಂತ ಮುದುಕಪ್ಪ ಹೇಳಿದ್ದನ್ನು ತೆಪ್ಪಗೆ ಒತ್ತಿ ಎದ್ದುಹೋಗುವುದೂ ಪ್ರಾಮಾಣಿಕತೆಯಲ್ಲ. ಈ ಖಾನೆಯಲ್ಲಿ ಇಂತಿಂಥದು ಹಾಕಿದರೆ ಇಂತಿಂಥ ಪರಿಣಾಮ, ಹೇಳದಿದ್ದರೆ ಇಂತಿಂಥ ನಷ್ಟ ಎಂದು ಅವನಿಗೆ ಬಿಡಿಸಿ ಹೇಳಿ, ಮನೆ ಮಾಲೀಕನನ್ನು ಆಚೆ ಕಳಿಸಿ, ಆಮೇಲೆ ಅವನು ಏನು ಹೇಳುತ್ತಾನೋ ಅದನ್ನು ಒತ್ತಬೇಕು. ಎಲ್ಲ ತಿಳಿದ ಮೇಲೂ ಹೇಳುವುದಿಲ್ಲ ಅಂದರೆ ಅದೂ ಒಂದು ಉತ್ತರವೇ. ಅದನ್ನು ಹೇಳಲಿಲ್ಲ ಎಂದೇ ಬರೆಯಬೇಕು, ನಲ್ ಎಂದು ಗಾಳಿಗೆ ಬಿಡಬಾರದು.

ಇದಕ್ಕೆಲ್ಲ ಹೊತ್ತು ಎಲ್ಲಿದೆ, ದಿನಕ್ಕೆ ಇಷ್ಟು ಮನೆ ಮುಗಿಸಬೇಕು, ಆ್ಯಪು ತೆರೆಯುವುದಿಲ್ಲ, ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಮೇಷ್ಟರುಗಳು ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವೇ. ಹೊತ್ತು ಕೊಡದೆ ಸತ್ಯ ಕೇಳುವ ಸರ್ಕಾರ ಸತ್ಯವನ್ನು ಕೇಳುತ್ತಿಲ್ಲ, ಸಂಖ್ಯೆಯನ್ನು ಕೇಳುತ್ತಿದೆ. ಮೇಷ್ಟರುಗಳ ಸಂಘಗಳು ಭತ್ಯೆಯ ಜೊತೆಗೆ ಈ ಹೊತ್ತನ್ನೂ ಬೇಡಿಕೆಯ ಪಟ್ಟಿಯಲ್ಲಿ ಬರೆಯಲಿ.

ಇನ್ಸರ್ಟ್ ಕಲಿಸುವಾಗ ಹುಡುಗರಿಗೆ ಇನ್ನೊಂದನ್ನೂ ಕಲಿಸುತ್ತಾರೆ. ಒಂದು ವ್ಯವಹಾರ ಶುರು ಮಾಡಿ ಸಾಲು ಹಾಕಿದರೆ ಅದು ಆ ಕೂಡಲೆ ಖಾಯಂ ಆಗುವುದಿಲ್ಲ. 'ಕಮಿಟ್' ಎಂದ ಮೇಲೆ ಖಾಯಂ. ಅದಕ್ಕೆ ಮುಂಚೆ 'ರೋಲ್‌ಬ್ಯಾಕ್' ಎಂದರೆ ಹಾಕಿದ್ದೆಲ್ಲ ಇಲ್ಲವಾಗುತ್ತದೆ. ಇದು ಹೊಸ ಬುದ್ಧಿಯೇನಲ್ಲ. ಖಾತೆ ಬದಲಾಗುವ ಮುಂಚೆ ನೋಟೀಸು ಹಚ್ಚಿ ತಕರಾರಿಗೆ ಅವಕಾಶ ಕೊಡಬೇಕು ಎಂದು 1964ರ ಭೂಕಂದಾಯ ಕಾಯ್ದೆಯಲ್ಲೂ ಇದೆ. ಚಾವಡಿಯ ಗೋಡೆಗೆ ಹಚ್ಚಿದ ಆ ನೋಟೀಸನ್ನು ಓದಲು ಬಾರದವನು ಓದುವುದು ಹೇಗೆ ಎಂದು ಕಾಯ್ದೆ ಕೇಳಲಿಲ್ಲ, ಅಷ್ಟೆ. ಕೀಲಿಮಣೆಯ ಮುಂದೆ ಕೂತ ನಮ್ಮ ಹುಡುಗನಿಗೆ ಇದನ್ನು ಕೇಳಲು ಯಾರ ಅಪ್ಪಣೆಯೂ ಬೇಡ. ಪರದೆಯನ್ನು ಎದುರಿನವರ ಕಡೆ ತಿರುಗಿಸಿ, 'ನಿಮ್ಮ ಹೆಸರು ಹಿಂಗೆ ಬರೆದೀನಿ, ಎಕರೆ ಇಷ್ಟು, ಜಾತಿ ಇದು, ಈ ಖಾನೆ ಖಾಲಿ ಬಿಟ್ಟೀನಿ, ಸರಿ ಐತೇನಮ್ಮ?' ಎಂದು ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಗುಂಡಿ ಒತ್ತಲು ಎಷ್ಟು ಹೊತ್ತು ಬೇಕು? ಒಬ್ಬರಿಗೆ ಒಂದು ನಿಮಿಷ. ಚನ್ನಗಿರಿಯ ಸಂತೆಯ ದಿನ ಸಾಲು ಬಾಗಿಲ ಆಚೆಗೂ ಇರುತ್ತದೆ, ಹಿಂದಿನವರು ಬೈಯುತ್ತಾರೆ. ಬೈಯಲಿ. ಅವರ ಸರದಿ ಬಂದಾಗ ಅವರಿಗೂ ಓದಿ ಹೇಳಿ.